ಅಂಗಳದಲ್ಲೇ ಕಾರಿನ ಸರ್ವೀಸು: ನನ್ನ ಅನುಭವ

ನಮ್ಮ ಮಲೆನಾಡಿನ ಸಾಗರ ಪೇಟೆಯ ಕಡೆ ಸ್ಕೂಟರಿನ ಪ್ಲಗ್ ಬಿಚ್ಚಿ ಒರೆಸದವರು ಕಡಿಮೆ. ಆದರೆ ಕಾರಿನ ಬಾನೆಟ್ ಎತ್ತಿ ವೈಪರಿನ ನೀರು ತುಂಬುವುದಕ್ಕಿಂತ ಹೆಚ್ಚಿನ ಕೆಲಸಕ್ಕೆ ಕೈಹಾಕಿದರೆ ಕೇರಿಯೇ ಬುದ್ಧಿ ಹೇಳಲು ಬರುತ್ತದೆ. ನನ್ನ ವ್ಯಾಗನ್ ಆರ್ ವಾರಂಟಿಯಿಂದ ಹೊರಬಿದ್ದ ಮೇಲೆ ಅದರ ವರ್ಷದ ಸರ್ವೀಸನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆಂದು ಹೇಳಿದಾಗ ನಮ್ಮ ಭಾವ, "ಆಯಿಲ್ ಬೇಕಾದರೆ ಬದಲಿಸಿಕೋ, ಬ್ರೇಕಿಗೆ ಮಾತ್ರ ಕೈಹಾಕಬೇಡ ಮಾರಾಯ" ಎಂದಿದ್ದರು. ಈಗ ಅವರ ಆಲ್ಟೊದ ಬ್ರೇಕ್ ಪ್ಯಾಡುಗಳನ್ನು ಬದಲಿಸಿಕೊಡುವವನು ನಾನೇ ಎಂಬುದನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲಾರೆ.

ಮೊದಲು ಹಣದ ವಿಚಾರ. ಸರ್ವೀಸ್ ಸೆಂಟರಿಗೆ ಕೊನೆಯ ಸಲ ಕೊಟ್ಟಾಗ ಬಿಲ್ಲು ಎಂಟು ಸಾವಿರದ ಆಸುಪಾಸಿನಲ್ಲಿತ್ತು. ಅದರಲ್ಲಿ ಆಯಿಲ್ ಮತ್ತು ಫಿಲ್ಟರುಗಳಿಗೆ ಎರಡೂವರೆ ಸಾವಿರ, ಕೂಲಿಗೆ ಒಂದೂವರೆ ಸಾವಿರ ಹೋಗಿದ್ದರೆ, ಉಳಿದದ್ದೆಲ್ಲ ಎಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿಗೆ ಹೊಡೆಯುವ ಪರಿಮಳದ ದ್ರವ ಮತ್ತು ಇವೆಲ್ಲದರ ಮೇಲಿನ ತೆರಿಗೆ. ಕೂಲಿಯೊಂದನ್ನೇ ಉಳಿಸಲು ಈ ಕೆಲಸಕ್ಕೆ ಇಳಿಯುವವರಿಗೆ ದಕ್ಕುವುದು ಅಷ್ಟಕ್ಕಷ್ಟೆ. ನಾವು ಕೇಳದಿದ್ದರೂ ಬಿಲ್ಲಿಗೆ ಬಂದು ಸೇರುವ ಬಾಬ್ತುಗಳಲ್ಲಿಯೇ ದೊಡ್ಡ ಉಳಿತಾಯವಿದೆ. ಮನೆಯಲ್ಲಿ ಮಾಡಿದರೆ ಮೂರೂವರೆ ಲೀಟರಿನ ಆಯಿಲ್ ಡಬ್ಬಿಗೆ ಸಾವಿರದ ಮುನ್ನೂರರಿಂದ ಸಾವಿರದ ಐನೂರು, ಆಯಿಲ್ ಫಿಲ್ಟರಿಗೆ ನೂರು ಚಿಲ್ಲರೆ, ಏರ್ ಫಿಲ್ಟರ್ ಮತ್ತು ಎಸಿ ಫಿಲ್ಟರ್ ಎರಡೂ ಸೇರಿ ಐನೂರು, ಹಳೆಯ ಆಯಿಲ್ ಇಳಿಸಲು ಎಂಜಿನ್ನಿನ ಅಡಿಯಲ್ಲಿರುವ ಡ್ರೈನ್ ಬೋಲ್ಟಿನ ವಾಷರಿಗೆ ಇಪ್ಪತ್ತು ರೂಪಾಯಿ ಸಾಕಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದರಿಂದ ಇನ್ನಷ್ಟು ಅನುಕೂಲವಾಗಿದೆ. ಸಾಕೆಟ್ ಸೆಟ್, ಬೋಲ್ಟನ್ನು ಅಳತೆಯ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚ್, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಒಂದು ಜೊತೆ ಜಾಕ್ ಸ್ಟ್ಯಾಂಡ್ ಎಲ್ಲ ಸೇರಿ ಏಳು ಸಾವಿರದಷ್ಟು ಆಗಿತ್ತು. ಎರಡನೆಯ ವರ್ಷ ಮುಗಿಯುವ ಮೊದಲೇ ಉಳಿತಾಯದಲ್ಲಿ ಆ ಹಣ ಹುಟ್ಟಿತು.

ಕಾರನ್ನು ಎತ್ತಿ ನಿಲ್ಲಿಸುವ ವಿಷಯದಲ್ಲಿ ಮಲೆನಾಡಿನ ಅಂಗಳ ಪೇಟೆಯ ಸಿಮೆಂಟ್ ನೆಲದಂತಲ್ಲ. ಸಗಣಿ ಸಾರಿಸಿದ ಮಣ್ಣಿನಲ್ಲಿ ಜಾಕ್ ಸ್ಟ್ಯಾಂಡಿನ ಕಾಲು ನಾಲ್ಕು ಬೆರಳು ಹೂತು, ಕಾರು ಒಂದು ಮಗ್ಗುಲಿಗೆ ವಾಲಿತು. ನಾನಿನ್ನೂ ಕಾರಿನ ಅಡಿಗೆ ಹೋಗಿರಲಿಲ್ಲ. ದಪ್ಪ ಹಲಗೆಯ ತುಂಡುಗಳನ್ನು ಸ್ಟ್ಯಾಂಡಿನ ಅಡಿಗೆ ಹಾಸಿದ ಮೇಲೆ ಆ ತೊಂದರೆ ತಪ್ಪಿತು. ಹತ್ತಿರದಲ್ಲೇ ಬಿದ್ದಿರುತ್ತದೆಂದು ಜಂಬಿಟ್ಟಿಗೆ ಕಲ್ಲನ್ನು ಕೊಡುವವರನ್ನು ನೋಡಿದ್ದೇನೆ. ಆ ಕಲ್ಲು ಭಾರ ತಡೆಯುವಂತೆ ಕಂಡರೂ ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತದೆ; ಪೊಳ್ಳು ಸಿಮೆಂಟ್ ಇಟ್ಟಿಗೆಯ ಗುಣವೂ ಅದೇ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗಂತೂ ತಲೆ ಹಾಕಬಾರದು.

ಅತ್ಯಂತ ಹೆಚ್ಚು ಸತಾಯಿಸಿದ್ದು ಡ್ರೈನ್ ಬೋಲ್ಟ್. ಹಿಂದೆ ಕೆಲಸ ಮಾಡಿದವರು ಅದನ್ನು ಗಾಳಿ ಗನ್ನಿನಿಂದ ಬಿಗಿದಿದ್ದರೆಂದು ಕಾಣುತ್ತದೆ. ಅರ್ಧ ಮೂಲೆಗಳು ಆಗಲೇ ಸವೆದಿದ್ದವು. ರಿಂಗ್ ಸ್ಪಾನರ್ ಜಾರಿತು, ಹನ್ನೆರಡು ಮೂಲೆಯ ಸಾಕೆಟ್ಟೂ ಜಾರಿತು. ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕೂರಿಸಿ, ಎಂಜಿನ್ ಬೆಚ್ಚಗಿರುವಾಗ ಉದ್ದನೆಯ ಹಿಡಿ ಹಾಕಿ ತಿರುಗಿಸಿದಾಗ ಬೋಲ್ಟ್ ಸಡಿಲಾಯಿತು. ಅದಕ್ಕೆ ಮುಂಚೆ ಬೋಲ್ಟಿಗೆ ಮಾಡಿದ ಇನ್ನೊಂದು ಉಪಚಾರವಿದೆ. ಅದನ್ನು ನೇರವಾಗಿ ಬಂದು ಕೇಳಿದವರಿಗೆ ಮಾತ್ರ ಹೇಳುತ್ತೇನೆ. ಹೊಸ ಬೋಲ್ಟ್ ಹಾಕಿ ಸುಮಾರು 35 ನ್ಯೂಟನ್ ಮೀಟರಿಗೆ ಬಿಗಿದ ಮೇಲೆ ಪ್ರತಿ ವರ್ಷ ಕೈಯಳತೆಯ ಬಲಕ್ಕೇ ಬಿಚ್ಚಿಕೊಳ್ಳುತ್ತಿದೆ.

ಹಳೆಯ ಆಯಿಲ್ ಫಿಲ್ಟರಿಗೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವುದನ್ನು ನಮ್ಮಲ್ಲಿ ಬಹಳ ಮಂದಿ ಬಲ್ಲರು. ನಾನು ನೋಡಿದಂತೆ ತಗಡು ಹರಿದು ಬಿಸಿ ಆಯಿಲ್ ಮೊಣಕೈವರೆಗೆ ಇಳಿಯುತ್ತದೆಯೇ ಹೊರತು ಫಿಲ್ಟರ್ ಕದಲುವುದಿಲ್ಲ. ಮುನ್ನೂರು ರೂಪಾಯಿಯ ಬಟ್ಟಲಿನಾಕಾರದ ರೆಂಚ್ ಕೊಳ್ಳುವುದೇ ಲೇಸು. ಮಾರುಕಟ್ಟೆಯಲ್ಲಿ ನಕಲಿ ಫಿಲ್ಟರುಗಳೂ ಬರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗಲೆಲ್ಲ ಎರಡು ಮೂರು ವರ್ಷಕ್ಕಾಗುವಷ್ಟು ಫಿಲ್ಟರುಗಳನ್ನು ಒಮ್ಮೆಗೇ ತರುತ್ತೇನೆ. ಅಸಲಿಯನ್ನು ಗುರುತಿಸುವ ನನ್ನ ವಿಧಾನವನ್ನು ಇಲ್ಲಿ ಬರೆದರೆ ಮೊದಲು ಓದಿಕೊಳ್ಳುವವರು ನಕಲಿ ತಯಾರಿಸುವವರೇ ಆದ್ದರಿಂದ ಬರೆಯುವುದಿಲ್ಲ. ತೆಗೆದ ಆಯಿಲನ್ನು ಕ್ಯಾನಿನಲ್ಲಿ ಕೂಡಿಟ್ಟು, ಹಳೆಯ ಆಯಿಲ್ ಒಯ್ಯುವವರು ಬರುವ ಗ್ಯಾರೇಜಿಗೆ ಕೊಡುತ್ತೇನೆ. ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಂತೆ ಬಳಿಯುವ ರೂಢಿ ನಮ್ಮಲ್ಲಿದೆಯಾದರೂ ಬಾವಿ ಹತ್ತಿರವಿರುವ ಮನೆಯಲ್ಲಿ ಅದು ಬೇಡ.

ಭಾವನವರು ಹೆದರಿಸಿದ್ದ ಬ್ರೇಕಿನ ಕೆಲಸ ಆಯಿಲ್ ಬದಲಿಸುವುದಕ್ಕಿಂತ ಸ್ವಚ್ಛವಾದದ್ದು. ಮುಂದಿನ ಪ್ಯಾಡುಗಳಿಗೆ ಗ್ಯಾರೇಜಿನಲ್ಲಿ ಡಿಸ್ಕ್ ಮಸೆಯುವುದೂ ಸೇರಿ ನಾಲ್ಕು ಸಾವಿರ ಹೇಳಿದ್ದರು. ಡಿಸ್ಕ್ ನುಣುಪಾಗಿಯೇ ಇದ್ದುದರಿಂದ ಸಾವಿರದ ಮುನ್ನೂರರ ಪ್ಯಾಡಿನಲ್ಲಿ ಕೆಲಸ ಮುಗಿಯಿತು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಸಿ-ಕ್ಲ್ಯಾಂಪಿನಿಂದ ಒಳಗೆ ತಳ್ಳುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಉಕ್ಕುವುದನ್ನು ಗಮನಿಸುತ್ತಿರಬೇಕು. ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯದಿದ್ದರೆ ಪೇಂಟು ಏಳುತ್ತದೆ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರಾಡುವ ಗೈಡ್ ಪಿನ್ನುಗಳಿಗೆ ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ನು ಹಿಡಿದುಕೊಳ್ಳುತ್ತದೆ, ಸಿಲಿಕೋನ್ ಗ್ರೀಸೇ ಬೇಕು. ನನ್ನ ಒಂದು ಬದಿಯ ಪ್ಯಾಡು ಇನ್ನೊಂದರ ಎರಡರಷ್ಟು ಸವೆದಿದ್ದುದಕ್ಕೆ ಒಣಗಿ ಸಿಕ್ಕಿಕೊಂಡ ಪಿನ್ನೇ ಕಾರಣವಾಗಿತ್ತು, ಮತ್ತು ಯಾವ ಸರ್ವೀಸಿನಲ್ಲೂ ಅದನ್ನು ಯಾರೂ ಬಿಚ್ಚಿದಂತಿರಲಿಲ್ಲ. ಕಾರು ಕದಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಲೇಬೇಕು. ಹಿಂದಿನ ಚಕ್ರಗಳ ಡ್ರಮ್ ಬ್ರೇಕಿನ ಕೆಲಸವನ್ನು ಮಾತ್ರ ಇಂದಿಗೂ ಪೇಟೆಯ ಮೆಕ್ಯಾನಿಕ್ಕಿಗೇ ಬಿಟ್ಟಿದ್ದೇನೆ. ನಮ್ಮ ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಾಲ್ಕಾರು ದಿನ ನಿಲ್ಲಿಸಿದರೆ ಒಳಗಿನ ಬ್ರೇಕ್ ಶೂಗಳು ಡ್ರಮ್ಮಿಗೆ ಅಂಟಿಕೊಳ್ಳುವುದರಿಂದ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಟ್ಟಿಗೆಯ ತಡೆ ಕೊಡುತ್ತೇನೆ.

ಇಲಿಗಳ ಕಾಟಕ್ಕೆ ಮಾಡಿದ ಪ್ರಯೋಗಗಳನ್ನೂ ಹೇಳಬೇಕು, ಏಕೆಂದರೆ ಕಡಿದ ಒಂದು ವೈರಿಗೆ ಎರಡು ಸಾವಿರ ತೆತ್ತವರು ನಮ್ಮೂರಲ್ಲಿದ್ದಾರೆ. ನುಸಿಗುಳಿಗೆಯಿಂದ ಕಾರಿನೊಳಗೆ ಕೂರಲಾಗದಷ್ಟು ವಾಸನೆಯಾಯಿತೇ ಹೊರತು ಇಲಿ ಬರುವುದು ನಿಲ್ಲಲಿಲ್ಲ. ಹೊಗೆಸೊಪ್ಪಿನ ಕಟ್ಟು ಬೇಸಿಗೆಯಲ್ಲಿ ಫಲ ಕೊಟ್ಟರೂ ಜೂನ್ ಮಳೆ ಹಿಡಿದು ಬೂಷ್ಟು ಬಂದೊಡನೆ ನಿಷ್ಪ್ರಯೋಜಕವಾಯಿತು. ಕೊನೆಗೆ ಗೆದ್ದದ್ದು ಖರ್ಚಿಲ್ಲದ ಉಪಾಯ: ಕಾರು ಕೊಟ್ಟಿಗೆಯ ಮಾಡಿನ ಅಡಿಯಿರುವಾಗ ರಾತ್ರಿ ಬಾನೆಟ್ ತೆರೆದಿಟ್ಟು, ಮೇಲೊಂದು ಸಣ್ಣ ಎಲ್‌ಇಡಿ ಬಲ್ಬ್ ಉರಿಸುವುದು. ಕತ್ತಲೆಯೂ ಬೆಚ್ಚನೆಯ ಮರೆಯೂ ಇಲ್ಲದ ಜಾಗ ಅವಕ್ಕೆ ಒಗ್ಗದೆಂದು ತೋರುತ್ತದೆ.

ವೀಲ್ ಅಲೈನ್‌ಮೆಂಟ್, ಎಸಿ ಗ್ಯಾಸ್, ಕ್ಲಚ್ ಇವು ಅಂಗಳದಲ್ಲಿ ಆಗುವ ಕೆಲಸಗಳಲ್ಲ. ಆದರೆ ಅಲ್ಲಿಯೂ ಲೆಕ್ಕ ಬದಲಾಗಿದೆ. ಕ್ಲಚ್ ಬದಲಿಸಬೇಕಾಗಿ ಬಂದಾಗ ಒಂದು ಕಡೆ ಹತ್ತು ಸಾವಿರದ ಅಂದಾಜು ಕೊಟ್ಟರು. ನಾನು ಪ್ರೆಷರ್ ಪ್ಲೇಟ್, ಡಿಸ್ಕ್ ಮತ್ತು ಬೇರಿಂಗ್ ಇರುವ ಸೆಟ್ಟನ್ನು ನಾಲ್ಕು ಸಾವಿರಕ್ಕೆ ತಂದು, ಪರಿಚಯದ ಮೆಕ್ಯಾನಿಕ್ಕಿಗೆ ಎರಡು ಸಾವಿರ ಕೂಲಿ ಕೊಟ್ಟು, ಗೇರ್ ಬಾಕ್ಸ್ ಇಳಿಸುವಾಗ ಪಕ್ಕದಲ್ಲಿಯೇ ನಿಂತು ಮಾಡಿಸಿಕೊಂಡೆ. ಗೇರ್ ಆಯಿಲ್ಲಿನ ಹಣ ಬೇರೆ.