ಬಿಳಿಗಾರ: ಚಿಟಿಕೆಯಲ್ಲಿ ಕೆಲಸ, ಮುಷ್ಟಿಯಲ್ಲಿ ದಂಡ

ಏಪ್ರಿಲ್ ಬಿಸಿಲಿಗೆ ರಾಯಚೂರಿನಲ್ಲಿ ಇರುವೆಗಳೂ ನೆರಳು ಹುಡುಕುತ್ತವೆ. ನಮ್ಮ ಮನೆಯಲ್ಲಿ ಅವಕ್ಕೆ ಸಿಕ್ಕ ನೆರಳು ಸಕ್ಕರೆ ಡಬ್ಬಿ. ರಾತ್ರಿ ಅಡುಗೆಮನೆ ಲೈಟ್ ಹಾಕಿದರೆ ಕಡಪಾ ಕಲ್ಲಿನ ಸಂದಿಗೆ ಜಿರಲೆಗಳು ಓಡುವ ಸದ್ದು ಬೇರೆ. ಸ್ಪ್ರೇ ಹೊಡೆದು ಹೊಡೆದು ನಮಗೇ ಕೆಮ್ಮು ಬಂತೇ ಹೊರತು ಅವು ಹೋಗಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಅಕ್ಕಸಾಲಿಗರ ಪೆಟ್ಟಿಗೆಯಲ್ಲಿ ಇರುವ ಬಿಳಿ ಪುಡಿ, ಬಿಳಿಗಾರ.

ಬಿಳಿಗಾರ ಅಂದರೆ ಬೋರಾಕ್ಸ್. ನೆಲದಿಂದ ತೆಗೆಯುವ ಖನಿಜ. ನಮ್ಮ ಕಡೆ ತೆಲುಗಿನವರು ವೆಲಿಗಾರಂ ಅಂತಾರೆ, ಉರ್ದು ಮಾತಾಡುವವರು ಸುಹಾಗಾ ಅಂತಾರೆ. ಚಿನ್ನ ಕರಗಿಸುವಾಗ ಇದನ್ನು ಹಾಕಿದರೆ ಕಲ್ಮಶ ಬೇರೆಯಾಗುತ್ತದೆ, ಬೆಸುಗೆ ಸರಿಯಾಗಿ ಕೂಡುತ್ತದೆ. ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ?

ತರುವಾಗ

ಚಿನ್ನ ಬೆಳ್ಳಿ ಕೆಲಸದ ಸಾಮಾನು ಮಾರುವ ಅಂಗಡಿಯಲ್ಲಿ, ಗ್ರಂಥಿಗೆ ಅಂಗಡಿಯಲ್ಲಿ ಕೇಳಿ. 100 ಗ್ರಾಂ ತಂದರೆ ಇರುವೆಗೆ ವರ್ಷವಿಡೀ ಆಗುತ್ತದೆ. ಬಟ್ಟೆಗೂ ಬೇಕಾದರೆ ಅರ್ಧ ಕಿಲೋ ತನ್ನಿ. ಒಂದು ತೊಡಕಿದೆ: ಪಟಕವೂ ನೋಡೋಕೆ ಹೀಗೇ ಇರುತ್ತದೆ, ಗಡಿಬಿಡಿಯಲ್ಲಿ ಅಂಗಡಿಯವರು ಅದನ್ನೇ ಕಟ್ಟಿಕೊಡುವುದುಂಟು. ಹಾಗಂತ ನಾಲಿಗೆಗೆ ಹಚ್ಚಿ ನೋಡಬೇಡಿ. ಚಿಟಿಕೆ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಅದಕ್ಕೆ ಸ್ವಲ್ಪ ಅರಿಶಿನ ಹಾಕಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿ ಕೆಂಪಾಗುವುದಿಲ್ವಾ, ಬಿಳಿಗಾರವೂ ಅದೇ ಜಾತಿಯ ಕ್ಷಾರ, ನೀರು ಕೆಂಪು ಕಂದಿಗೆ ತಿರುಗುತ್ತದೆ. ಪಟಕವಾದರೆ ಹಳದಿಯಾಗೇ ಇರುತ್ತದೆ. ಹಾಗೆ ನೋಡಿದರೆ ವಾಷಿಂಗ್ ಸೋಡಾ ಕೂಡ ಕೆಂಪು ಮಾಡುತ್ತದೆ, ಆದ್ದರಿಂದ ಈ ಪರೀಕ್ಷೆ ಪಟಕವನ್ನು ಬೇರೆ ಮಾಡೋಕೆ ಮಾತ್ರ.

ಜಿರಲೆಗೆ ಇದರ ತಮ್ಮ ಬೋರಿಕ್ ಪೌಡರ್ ಇನ್ನೂ ಚೆನ್ನ, ಯಾಕಂದರೆ ಅದು ನುಣ್ಣಗಿರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕೇರಂ ಬೋರ್ಡಿಗೆ ಉದುರಿಸುವ ಪುಡಿಯೂ ಎಷ್ಟೋ ಸಲ ಇದೇ, ಆದರೆ ಡಬ್ಬಿ ಮೇಲೆ ಬರೆದದ್ದನ್ನು ಓದಿ ತನ್ನಿ.

ಇರುವೆಗೆ ಪಾಕ

ಒಂದು ಲೋಟ, ಅಂದರೆ ಸುಮಾರು 200 ಮಿಲಿ ಬಿಸಿನೀರು. ಅದಕ್ಕೆ ಆರೇಳು ಚಮಚ ಸಕ್ಕರೆ, ಮುಕ್ಕಾಲು ಟೀ ಚಮಚ ಬಿಳಿಗಾರ. ಪೂರ್ತಿ ಕರಗುವವರೆಗೆ ಕಲಸಿ. ಹತ್ತಿ ಉಂಡೆಯನ್ನು ಅದ್ದಿ, ಬಾಟಲಿ ಮುಚ್ಚಳದಲ್ಲಿಟ್ಟು, ಇರುವೆ ಸಾಲು ಹೋಗುವ ದಾರಿಯಲ್ಲಿ ಇಡಿ. ಅಷ್ಟೇ.

ಬಿಳಿಗಾರ ಇನ್ನೊಂದು ಚಮಚ ಹಾಕಿದರೆ ಬೇಗ ಸಾಯುತ್ತವೆ ಅನಿಸುತ್ತದೆ. ಸಾಯುತ್ತವೆ ನಿಜ, ಮುಚ್ಚಳದ ಪಕ್ಕದಲ್ಲೇ. ಗೂಡಿನಲ್ಲಿರುವ ರಾಣಿಗೆ ಏನೂ ಆಗುವುದಿಲ್ಲ, ನಾಳೆ ಹೊಸ ಸಾಲು. ಪುಡಿ ನೂರರಲ್ಲಿ ಒಂದು ಪಾಲಿನಷ್ಟು ಇದ್ದರೆ ಇರುವೆಗೆ ಗೊತ್ತೇ ಆಗುವುದಿಲ್ಲ, ಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿ ಗೂಡಿನಲ್ಲಿ ಎಲ್ಲರಿಗೂ ಉಣಿಸುತ್ತದೆ. ಮೊದಲ ದಿನ ಇರುವೆ ಕಡಿಮೆಯಾಗುವ ಬದಲು ಜಾತ್ರೆಯೇ ಸೇರುತ್ತದೆ. ಒರೆಸಬೇಡಿ, ಸ್ಪ್ರೇ ಹೊಡೆಯಬೇಡಿ, ಸುಮ್ನೆ ಬಿಡಿ. ಮೂರು ದಿನದಿಂದ ಒಂದು ವಾರದೊಳಗೆ ಸಾಲು ತೆಳ್ಳಗಾಗುತ್ತದೆ. ನಮ್ಮ ಬಿಸಿಲಿಗೆ ಹತ್ತಿ ಬೇಗ ಒಣಗುತ್ತದೆ, ದಿನಕ್ಕೊಮ್ಮೆ ಅದ್ದಬೇಕು. ಸಿಹಿ ಮೂಸದ ಇರುವೆಗಳೂ ಇವೆ, ಅವಕ್ಕೆ ಎಣ್ಣೆ ಜಿಡ್ಡು ಬೇಕು. ಅಂಥವಕ್ಕೆ ಶೇಂಗಾ ಪುಡಿಯಲ್ಲಿ ಚಿಟಿಕೆ ಬಿಳಿಗಾರ ಬೆರೆಸಿ ಇಡಿ.

ಜಿರಲೆಗೆ ಧೂಳು

ಇಲ್ಲಿ ನಾನು ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಸಿಂಕಿನ ಕೆಳಗೆ ಬೋರಿಕ್ ಪೌಡರನ್ನು ರಂಗೋಲಿ ಎಳೆದ ಹಾಗೆ ದಪ್ಪಗೆ ಸುರಿದೆ. ಬೆಳಿಗ್ಗೆ ನೋಡಿದರೆ ಗೆರೆಯ ಮೇಲೆ ಒಂದು ಕಾಲಿನ ಗುರುತೂ ಇಲ್ಲ. ದಾರಿಯಲ್ಲಿ ಹಿಟ್ಟಿನ ಗುಡ್ಡ ಇದ್ದರೆ ಜಿರಲೆ ಸುತ್ತು ಹಾಕಿ ಹೋಗುತ್ತದೆ, ಅದೇನು ದಡ್ಡ ಪ್ರಾಣಿಯಲ್ಲ.

ಬೇಕಾದದ್ದು ಕನ್ನಡಿ ಮೇಲೆ ಕೂತ ಧೂಳಿನಷ್ಟು, ಕಣ್ಣಿಗೆ ಕಂಡೂ ಕಾಣದಷ್ಟು. ಮೊದಲು ಫ್ಯಾನ್ ಆಫ್ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಜಾಗ ಜಿಡ್ಡು, ಪಸೆ ಇಲ್ಲದಂತೆ ಒರೆಸಿ ಒಣಗಿಸಿ. ಆಮೇಲೆ ಹಳೆ ಪೇಂಟ್ ಬ್ರಷ್ಷಿನ ತುದಿಗೆ ಪುಡಿ ಹಚ್ಚಿ, ಬೆರಳಿನಿಂದ ಮೆಲ್ಲಗೆ ತಟ್ಟಿ. ಫ್ರಿಜ್ಜಿನ ಹಿಂದೆ, ಸಿಲಿಂಡರ್ ಹಿಂದಿನ ಮೂಲೆ, ಕಡಪಾ ಕಲ್ಲು ಗೋಡೆಗೆ ಸೇರುವ ಸಂದಿ, ಕಪಾಟಿನ ಬಾಗಿಲ ತಿರುಗಣಿ, ಇವೇ ಅವುಗಳ ಓಣಿಗಳು. ಸ್ವಿಚ್ ಬೋರ್ಡಿನ ಒಳಗೆ ಮಾತ್ರ ಕೈ ಹಾಕಬೇಡಿ. ಜಿರಲೆ ಈ ಧೂಳಿನ ಮೇಲೆ ನಡೆದು, ಆಮೇಲೆ ಮೀಸೆ, ಕಾಲು ಬಾಯಿಂದ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತದೆ. ವಿಷ ಒಳಗೆ ಹೋಗುವುದು ಆಗಲೇ.

ಒದ್ದೆ ಜಾಗದಲ್ಲಿ ಪುಡಿ ಗಂಟಾಗುತ್ತದೆ. ಅಲ್ಲಿಗೆ ಉಂಡೆ ಮಾಡಿ: ಎರಡು ಚಮಚ ಗೋಧಿ ಹಿಟ್ಟು, ಒಂದು ಚಮಚ ಬೋರಿಕ್ ಪೌಡರ್, ಒಂದು ಚಮಚ ಸಕ್ಕರೆ, ಸ್ವಲ್ಪ ತುರಿದ ಉಳ್ಳಾಗಡ್ಡಿ, ಕಲಸೋಕೆ ಹಾಲು. ಕಡಲೆ ಗಾತ್ರದ ಉಂಡೆ ಸಾಕು. ಕಲ್ಲಿನಂತೆ ಒಣಗಿದರೆ ಹೊಸದು ಇಡಿ.

ಒಂದು ವಾರ, ಹತ್ತು ದಿನ ಕಾಯಬೇಕು. ಕಡಿಮೆಯಾದವು ಅಂತ ಖುಷಿಪಟ್ಟು ಅಲ್ಲಿಗೇ ಬಿಟ್ಟರೆ ತಿಂಗಳಿಗೆ ಮತ್ತೆ ಮರಿಗಳು ಕಾಣಿಸುತ್ತವೆ, ಯಾಕಂದರೆ ಮೊಟ್ಟೆ ಚೀಲದ ಒಳಗಿರುವವಕ್ಕೆ ಈ ಪುಡಿ ತಾಗುವುದಿಲ್ಲ. ಆದ್ದರಿಂದ ತಿಂಗಳಾದ ಮೇಲೆ ಇನ್ನೊಂದು ಸುತ್ತು ಧೂಳು ಹಾಕಲೇಬೇಕು. ತಿಗಣೆ, ಸೊಳ್ಳೆಗೆ ಇದನ್ನು ನಂಬಬೇಡಿ, ಅವು ರಕ್ತ ಕುಡಿಯುವ ಜಾತಿ, ಪುಡಿ ಅವುಗಳ ಬಾಯಿಗೆ ಹೋಗುವುದಿಲ್ಲ.

ಬಟ್ಟೆಗೆ, ಬಚ್ಚಲಿಗೆ

ನಮ್ಮ ಬೋರ್‌ವೆಲ್ ನೀರಿನಲ್ಲಿ ಸೋಪಿನ ನೊರೆ ಬರುವುದೇ ಕಷ್ಟ. ಎರಡು ಮೂರು ಚಮಚ ಬಿಳಿಗಾರವನ್ನು ಒಂದು ಚೊಂಬು ಬಿಸಿನೀರಿನಲ್ಲಿ ಕರಗಿಸಿ ಬಕೆಟ್ಟಿಗೆ ಸುರಿದು, ಬಿಳಿ ಬಟ್ಟೆ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪು ಹಾಕಿ. ತಣ್ಣೀರಿಗೆ ನೇರ ಹಾಕಿದರೆ ಕರಗದೆ ತಳದಲ್ಲಿ ಕೂರುತ್ತದೆ. ರೇಷ್ಮೆ, ಉಣ್ಣೆಗೆ ಬೇಡ. ಸಿಂಕ್ ಜಿಡ್ಡಿಗೂ ಒಳ್ಳೆಯದು. ನಲ್ಲಿಯ ಮೇಲಿನ ಬಿಳಿ ಕಲೆ ಮಾತ್ರ ಇದರಿಂದ ಹೋಗುವುದಿಲ್ಲ, ಅದಕ್ಕೆ ಹುಣಸೆಹಣ್ಣು ಅಥವಾ ನಿಂಬೆಯೇ ಬೇಕು. ಎರಡನ್ನೂ ಕೂಡಿಸಿದರೆ ಒಂದರ ಕೆಲಸ ಇನ್ನೊಂದು ಕೆಡಿಸುತ್ತದೆ.

ಡಬ್ಬಿ ಎಲ್ಲಿಡಬೇಕು

ಒಂದು ಭಾನುವಾರ ಒಗ್ಗರಣೆ ಮಂಡಾಳಿಗೆ ಜೊತೆಯಾಗಿ ಮಿರ್ಚಿ ಕರಿಯುವ ಗಡಿಬಿಡಿ. ನಮ್ಮ ಅತ್ತೆ ಕಡಲೆಹಿಟ್ಟಿನ ಬೋಗುಣಿ ಹಿಡಿದು "ಸೋಡಾ ಇದೇನವಾ?" ಅಂತ ಕೇಳಿದರು. ಕೈಯಲ್ಲಿ ಬಿಳಿಗಾರದ ಡಬ್ಬಿ. ಕೇಳದೆ ಹಾಕಿದ್ದರೆ ಏನಾಗುತ್ತಿತ್ತೋ! ಅಡುಗೆ ಸೋಡಾ, ಹಪ್ಪಳದ ಖಾರ, ಉಪ್ಪು, ಇದು, ಎಲ್ಲವೂ ಬಿಳಿ. ಅಂದಿನಿಂದ ಡಬ್ಬಿ ಅಡುಗೆಮನೆಯಿಂದ ಹೊರಗೆ, ಅಟ್ಟದ ಮೇಲೆ, ಕೆಂಪು ಅಕ್ಷರದಲ್ಲಿ ಹೆಸರು ಬರೆದು ಇಟ್ಟಿದ್ದೇವೆ. ಕಲಸಿದ ಚಮಚವೂ ಬೇರೆ.

ನೈಸರ್ಗಿಕ ಅನ್ನುವ ಮಾತಿಗೆ ಮರುಳಾಗಬೇಡಿ. ಹೊಟ್ಟೆಗೆ ಹೋದರೆ ಮನುಷ್ಯರಿಗೂ ವಿಷವೇ, ಮಕ್ಕಳಿಗೆ ಇನ್ನೂ ಜಾಸ್ತಿ. ಕೂಸಿನ ಬಾಯಿ ಹುಣ್ಣಿಗೆ ಜೇನಿನಲ್ಲಿ ಬಿಳಿಗಾರ ತೇಯ್ದು ಹಚ್ಚುವ ಹಳೆ ಮದ್ದು ಇದೆಯಲ್ಲ, ಅದನ್ನು ಖಂಡಿತ ಮಾಡಬೇಡಿ, ಕೂಸಿಗೆ ಫಿಟ್ಸ್ ಬರಬಹುದು. ಗರ್ಭಿಣಿಯರು ಈ ಪುಡಿ ಮುಟ್ಟುವ ಕೆಲಸ ಬೇರೆಯವರಿಗೆ ಬಿಡಲಿ. ತೆವಳುವ ಕೂಸು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಉಂಡೆಯನ್ನು ಬಾಯಿಗೆ ಎಟುಕುವ ಕಡೆ ಇಡಬೇಡಿ. ಯಾರಾದರೂ ನುಂಗಿದರೆ ವಾಂತಿ ಮಾಡಿಸುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಉಳಿದ ಪಾಕವನ್ನು ಗಿಡದ ಬುಡಕ್ಕೆ ಸುರಿಯಬೇಡಿ. ಬಿಳಿಗಾರದಲ್ಲಿ ಇರುವುದು ಬೋರಾನ್; ಹತ್ತಿಗೆ, ಶೇಂಗಾಕ್ಕೆ ಅದನ್ನು ಕೊಡುವ ರೈತರನ್ನು ಕೇಳಿ, ಎಕರೆಗೆ ಅಳತೆ ಮಾಡಿ ಕೊಡುವ ವಸ್ತು ಅದು. ನಾನು ಎರಡು ಸಲ ಕರಿಬೇವಿನ ಕುಂಡಕ್ಕೆ ಚೆಲ್ಲಿದೆ, ಹಳೆ ಎಲೆಗಳ ಅಂಚು ಬೆಂಕಿ ತಾಗಿದ ಹಾಗೆ ಸುಟ್ಟು ಉದುರಿದವು. ಈಗ ಮಿಕ್ಕಿದ್ದೆಲ್ಲ ಸೀದಾ ಸಂಡಾಸಿಗೆ.