ಸಂಪ್ ಖಾಲಿಯಾದರೆ ಮೋಟಾರು ತಾನೇ ನಿಲ್ಲಬೇಕು

ಒಂದು ರಾತ್ರಿಯಿಡೀ ನಮ್ಮ ಪಂಪು ನೀರಿಲ್ಲದೆ ಓಡಿತು. ಸಂಪ್‌ನಲ್ಲಿ ಫ್ಲೋಟ್ ಸ್ವಿಚ್ (ನೀರಲ್ಲಿ ತೇಲುತ್ತಾ, ನೀರು ಇಳಿದಾಗ ಮೋಟಾರು ನಿಲ್ಲಿಸುವ ಸ್ವಿಚ್) ಇರಲಿಲ್ಲ ಅಂತಲ್ಲ. ಅದನ್ನು ನಾನೇ ಪಂಪಿಗೆ ನೀರೆಳೆಯುವ ಸಕ್ಷನ್ ಪೈಪಿಗೆ ಕಟ್ಟಿದ್ದೆ. ನೀರು ಇಳಿಯುವಾಗ ಅದು ಪೈಪಿನ ಜಾಯಿಂಟ್ ಮೇಲೆ ಕೂತುಬಿಟ್ಟಿತ್ತು. ಬೆಳಿಗ್ಗೆ ಪಂಪು ಮುಟ್ಟಲಾಗದಷ್ಟು ಬಿಸಿ. ಪಂಪಿನ ತಿರುಗುವ ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಸೀಲನ್ನು ತಂಪಾಗಿಡುವುದು ಪಂಪು ಎತ್ತುವ ನೀರೇ, ಅಲ್ವಾ? ಅದಿಲ್ಲದೆ ಸೀಲ್ ಸುಟ್ಟಿತ್ತು.

ಹಾಗಾಗಿ ಫ್ಲೋಟನ್ನು ಗೋಡೆ ಕಡೆ, ಪೈಪು, ಹಗ್ಗ ಏನೂ ತಾಗದ ಜಾಗದಲ್ಲಿ ಇಳಿಬಿಡಿ. ವೈರಿಗೆ ಹಾಕುವ ತೂಕದ ಗುಂಡಿನಿಂದ ಫ್ಲೋಟ್‌ವರೆಗೆ ಒಂದು ಗೇಣು ಸಡಿಲ ಇರಲಿ. ಇದು ತೀರಾ ಗಿಡ್ಡವಾದರೆ ಸಣ್ಣ ಅಲೆಗೂ ಮೋಟಾರು ಆನ್-ಆಫ್ ಆಗುತ್ತಲೇ ಇರುತ್ತದೆ. ಫ್ಲೋಟ್ ಪೂರ್ತಿ ಜೋತುಬಿದ್ದಾಗಲೂ ಅದರ ತುದಿ ಫುಟ್ ವಾಲ್ವ್‌ಗಿಂತ (ಸಕ್ಷನ್ ಪೈಪಿನ ತಳದಲ್ಲಿರುವ, ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ಒಂದು ಗೇಣು ಮೇಲೇ ಇರಬೇಕು. ನೀರು ತೀರಾ ಕಮ್ಮಿಯಾದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ.

ವೈರಿಂಗ್‌ಗೆ ಮುಂಚೆ ಮೇನ್ ಆಫ್ ಮಾಡಿ. ಫ್ಲೋಟ್‌ನಲ್ಲಿ ಮೂರು ವೈರ್ ಇದ್ದರೆ ಬಣ್ಣ ನಂಬಬೇಡಿ, ಮಲ್ಟಿಮೀಟರನ್ನು ಬೀಪ್ (ಕಂಟಿನ್ಯೂಯಿಟಿ) ಮೋಡ್‌ನಲ್ಲಿ ಇಟ್ಟು ನೋಡಿ. ಫ್ಲೋಟ್ ಎತ್ತಿದಾಗ ಬೀಪ್ ಬಂದು, ಇಳಿಸಿದಾಗ ನಿಲ್ಲುವ ಜೋಡಿಯೇ ಬೇಕು. ಹೀಗಾದರೆ ಇಲಿ ವೈರ್ ಕಡಿದರೂ ಪಂಪು ನಿಲ್ಲುತ್ತದೆ. ಉಲ್ಟಾ ಜೋಡಿ ಹಾಕಿದರೆ ನೀರಿದ್ದಾಗ ಪಂಪು ನಿಂತು, ಸಂಪ್ ಖಾಲಿಯಾದಾಗ ಓಡುತ್ತದೆ!

ಮೋಟಾರಿನ ಕರೆಂಟನ್ನು ನೇರವಾಗಿ ಫ್ಲೋಟ್ ಮೂಲಕ ಹಾಯಿಸಬೇಡಿ. ಸ್ಟಾರ್ಟ್ ಆಗುವಾಗ ಮೋಟಾರು ಮಾಮೂಲಿಗಿಂತ 5-6 ಪಟ್ಟು ಕರೆಂಟ್ ಎಳೆಯುತ್ತದೆ, ಒಳಗಿನ ಕಾಂಟ್ಯಾಕ್ಟ್ ಬೆಸೆದುಕೊಂಡುಬಿಡಬಹುದು. ಕಾಂಟ್ಯಾಕ್ಟರ್ (ಕಾಯಿಲ್‌ಗೆ ಸಣ್ಣ ಕರೆಂಟ್ ಕೊಟ್ಟರೆ ಮೋಟಾರಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿ, ಅದರ ಕಾಯಿಲ್ ಲೈನಿಗೆ ಫ್ಲೋಟ್ ಸೇರಿಸಿ. ಇದು ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ, ಸುಮ್ನೆ ಧೈರ್ಯ ಬೇಡ.

ಫ್ಲೋಟ್ ಬದಲು ನೀರಲ್ಲಿ ಕಡ್ಡಿ ಇಳಿಬಿಡುವ ಸೆನ್ಸರ್ ಕೂಡ ಆಗುತ್ತದೆ. ಆದರೆ ಕಡ್ಡಿ ಸ್ಟೇನ್‌ಲೆಸ್ ಸ್ಟೀಲಿನದಿರಲಿ, ಅದಕ್ಕೆ ಕಮ್ಮಿ ವೋಲ್ಟಿನ ಎಸಿ ಕೊಡಿ. ನಾನು ತಾಮ್ರದ ವೈರಿಗೆ ಸದಾ ಡಿಸಿ ಕೊಟ್ಟಿದ್ದೆ. ಒಂದು ತುದಿ ಹಸಿರುಗಟ್ಟಿ, ಪೆನ್ಸಿಲ್ ಮೊನೆಯಂತೆ ಸವೆದಿತ್ತು.

ಇನ್ನೊಂದು ಮಾತು. ಫುಟ್ ವಾಲ್ವ್ ಸೋರಿ ಪೈಪು ಖಾಲಿಯಾದರೆ ಫ್ಲೋಟ್‌ಗೆ ಅದು ತಿಳಿಯುವುದೇ ಇಲ್ಲ, ಸಂಪ್ ತುಂಬಿರುತ್ತದಲ್ಲ. ನೀರೆತ್ತದೆ ಓಡುವ ಮೋಟಾರಿನ ಕರೆಂಟ್ ಇಳಿಯುತ್ತದೆ; ಹಾಗೆ ಇಳಿದಾಗ ಟ್ರಿಪ್ ಆಗಿ ಮೋಟಾರು ನಿಲ್ಲಿಸುವ ರಿಲೇ ಇದ್ದರೆ ಆ ಕಾಟವೂ ಇಲ್ಲ.

ಕೊನೆಗೆ ಪಂಪು ಓಡುತ್ತಿರುವಾಗ ಯಾರಾದರೂ ಒಣ ಕೋಲಿನಿಂದ ಫ್ಲೋಟನ್ನು ಕೆಳಗೆ ಒತ್ತಲಿ. ನೀವು ಪ್ಯಾನೆಲ್ ಹತ್ತಿರ ನಿಲ್ಲಿ. 'ಟಕ್' ಅಂತ ಕಾಂಟ್ಯಾಕ್ಟರ್ ಬಿಟ್ಟರೆ ಸಂಪಿನ ಮುಚ್ಚಳ ಹಾಕಿ.