ಹೊಲಿಗೆ ಸೋರಿದಾಗ ವ್ಯಾಕ್ಯೂಮ್ ಸ್ಪಂಜು: ಹುಬ್ಬಳ್ಳಿಯಲ್ಲಿ ನಾವು ಮಾಡುವ ರೀತಿ

ಅನ್ನನಾಳ ಅಥವಾ ಜಠರದ ಆಪರೇಶನ್ ನಂತರ ಹೊಲಿಗೆ ಬಿಟ್ಟು ಎದೆಯೊಳಗೆ ಕೀವು ನಿಂತರೆ ನಾವು ಅನ್ನನಾಳದೊಳಗೆ ಇಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್‌ಗಿಂತ ಮೊದಲು ಸ್ಪಂಜಿನ ವಿಚಾರ ಮಾಡುತ್ತೇವೆ: ಕೀವಿನ ಕುಳಿಯೊಳಗೆ ಸ್ಪಂಜು ಇಟ್ಟು, ಅದಕ್ಕೆ ಕಟ್ಟಿದ ಟ್ಯೂಬಿನಿಂದ ಕೀವನ್ನು ಹೊರಗೆ ಎಳೆಯುತ್ತಿರುವುದು. ಸ್ಟೆಂಟ್ ತೂತು ಮುಚ್ಚುತ್ತದೆ, ಆದರೆ ಅದರಾಚೆಯ ಕೀವು ಹಾಗೇ ಉಳಿಯುತ್ತದೆ. ಮೊದಲು ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಎದ್ದು ಕಾಣುವ ಔಷಧ) ಕೊಟ್ಟು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಕುಳಿ ಎಷ್ಟು ಆಳ, ಮಹಾಪಧಮನಿ ಎಷ್ಟು ಹತ್ತಿರ, ಶ್ವಾಸನಾಳಕ್ಕೆ ದಾರಿ ಆಗಿದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ. ಕುಳಿಯಲ್ಲಿ ದೊಡ್ಡ ರಕ್ತನಾಳ ಬಯಲಾಗಿದ್ದರೆ ಸ್ಪಂಜು ಇಡುವುದಿಲ್ಲ.

ರೆಡಿಮೇಡ್ ಕಿಟ್ ದುಬಾರಿ. ಹುಣ್ಣಿಗೆ ಹಾಕುವ ವ್ಯಾಕ್ (ಸಕ್ಷನ್ ಇರುವ) ಡ್ರೆಸ್ಸಿಂಗಿನ ಕಪ್ಪು ಪಾಲಿಯುರೆಥೇನ್ ಸ್ಪಂಜು, 16 ಫ್ರೆಂಚ್ ಅಳತೆಯ ರೈಲ್ಸ್ ಟ್ಯೂಬ್ (ಮೂಗಿನಿಂದ ಜಠರಕ್ಕೆ ಇಳಿಸುವ ನಳಿಕೆ), ಸಿಲ್ಕ್ ದಾರ ಇದ್ದರೆ ನಡೆಯುತ್ತದೆ. ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಟ್ಯೂಬನ್ನು ಮೂಗಿನಿಂದ ಇಳಿಸಿ ಬಾಯಿಂದ ಹೊರಗೆ ಎಳೆದುಕೊಳ್ಳುತ್ತೇವೆ. ಸ್ಪಂಜನ್ನು ಅಲ್ಲೇ ಕಟ್ಟುವುದು. ಟ್ಯೂಬಿನ ಮೂಲ ತೂತುಗಳು ಉದ್ದಕ್ಕೂ ಹರಡಿರುತ್ತವೆ. ಆ ತುದಿ ಕತ್ತರಿಸಿ, ಸ್ಪಂಜಿನೊಳಗೆ ಅಡಗುವಷ್ಟೇ ಜಾಗದಲ್ಲಿ ಮೂರ್ನಾಲ್ಕು ಹೊಸ ತೂತು ಮಾಡಬೇಕು. ಒಂದೇ ಒಂದು ತೂತು ಹೊರಗುಳಿದರೂ ಅದು ಗಾಳಿ ಎಳೆಯುತ್ತದೆ, ಎಳೆಯುವ ಪ್ರೆಶರ್ ಏರುವುದೇ ಇಲ್ಲ. ಸ್ಪಂಜನ್ನು ಕುಳಿಗಿಂತ ಸಣ್ಣದಾಗಿಯೇ ಕತ್ತರಿಸಿ ಮೇಲೆ, ಕೆಳಗೆ ಎರಡೂ ಕಡೆ ಬಿಗಿಯಾಗಿ ಹೊಲಿಯುತ್ತೇವೆ. ದೊಡ್ಡದಾದರೆ ಕುಳಿ ಕುಗ್ಗಲು ಜಾಗವೇ ಇರುವುದಿಲ್ಲ. ತುದಿಯಲ್ಲಿ ದಾರದ ಕುಣಿಕೆ ಬಿಟ್ಟು, ಅದನ್ನು ಫೋರ್ಸೆಪ್ಸ್ ಚಿಮಟದಿಂದ ಹಿಡಿದು ಸ್ಕೋಪಿನ (ಬಾಯಿಂದ ಇಳಿಸುವ ಕ್ಯಾಮೆರಾ ನಳಿಕೆಯ) ಜೊತೆಗೇ ಒಳಗೆ ಒಯ್ಯುವುದು. ಸ್ಕೋಪಿನಲ್ಲಿ ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಳಸಿದರೆ ಎದೆಯೊಳಗೆ ಒತ್ತಡ ಕಟ್ಟುವ ಭಯ ಕಡಿಮೆ.

ಸಕ್ಷನ್ ಮೈನಸ್ 125 ಮಿ.ಮೀ. ಪಾದರಸ, ಹಗಲೂ ರಾತ್ರಿ. ಎಲ್ಲ ನಿಂತಿರುವುದು ಇದರ ಮೇಲೆ. ಸಕ್ಷನ್ ನಿಂತರೆ ಸ್ಪಂಜು ಬರೀ ಬೆಣೆ. ಅದರ ಹಿಂದೆ ಜೊಲ್ಲು, ಕೀವು ನಿಂತು ರಾತ್ರಿಯೇ ಜ್ವರ ಏರುತ್ತದೆ. ಅದಕ್ಕೇ ಬ್ಯಾಟರಿ ಇರುವ ಮಷೀನ್ ಬೇಕು, ಕರೆಂಟ್ ಹೋದಾಗ ಅದನ್ನು ನೋಡುವ ಸಿಸ್ಟರ್ ಬೇಕು. ಎಳೆದದ್ದು ಸೇರುವ ಡಬ್ಬಿಗೆ ಏನೂ ಬರುತ್ತಿಲ್ಲ, ಪ್ರೆಶರ್ ಮಾತ್ರ ಸರಿ ಇದೆ ಎಂದರೆ ದಪ್ಪ ಜೊಲ್ಲಿನಿಂದ ಟ್ಯೂಬ್ ಕಟ್ಟಿದೆ. 10 ಮಿ.ಲೀ. ಸಲೈನ್ ಬಿಟ್ಟು ನೋಡಿ.

ಬದಲಾವಣೆ 3ರಿಂದ 5 ದಿನಕ್ಕೊಮ್ಮೆ. ಭಾನುವಾರ ಬಂತೆಂದು ಮುಂದೂಡಬಾರದು: ಹೊಸ ಮಾಂಸ ಸ್ಪಂಜಿನ ರಂಧ್ರಗಳೊಳಗೆ ಬೆಳೆದು, ಎಳೆದಾಗ ಕಿತ್ತು ರಕ್ತ ಬರುತ್ತದೆ. ತೆಗೆಯುವ ಮುನ್ನ ಸಕ್ಷನ್ ನಿಲ್ಲಿಸಿ, ಸಲೈನ್ ಬಿಟ್ಟು ನೆನೆಸಿ, ಸ್ಕೋಪಿನ ತುದಿಯಿಂದ ಅಂಚು ಬಿಡಿಸಿಕೊಂಡು ಮೆಲ್ಲಗೆ ಎಳೆಯಬೇಕು. ಡಬ್ಬಿಯಲ್ಲಿ ಕೆಂಪು ರಕ್ತ ಕಂಡರೆ ಸಕ್ಷನ್ ಬಂದ್ ಮಾಡಿ, ಕೂಡಲೇ ಸಿ.ಟಿ.

"ಸರ್ರ, ಒಂದ್ ಗುಟುಕ ಚಾ ಕೊಡ್ಲೇನ್ರಿ?" ಎಂದು ಮನೆಯವರು ದಿನಾ ಕೇಳುತ್ತಾರೆ. ಬಾಯಿಗೆ ಏನೂ ಇಲ್ಲ, ಊಟವೆಲ್ಲ ಹೊಟ್ಟೆಯ ಮೇಲಿಂದ ಸಣ್ಣ ಕರುಳಿಗೆ ಹಾಕಿದ ಜೆಜುನಾಸ್ಟಮಿ ಟ್ಯೂಬಿನಿಂದ. ಜೋಳದ ಅಂಬಲಿ ಕೊಡುವುದಾದರೆ ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸಿರಬೇಕು, ಇಲ್ಲದಿದ್ದರೆ ಆ ಟ್ಯೂಬೂ ಕಟ್ಟುತ್ತದೆ.

ಕುಳಿ ಕೆಂಪಗೆ, ಸ್ವಚ್ಛವಾಗಿ, ಸ್ಪಂಜು ಹಿಡಿಯದಷ್ಟು ಕಿರಿದಾದಾಗ ನಿಲ್ಲಿಸುತ್ತೇವೆ. ಕಾಂಟ್ರಾಸ್ಟ್ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಸೋರಿಕೆ ಕಾಣದಿದ್ದರೆ ಮೊದಲು ನೀರು, ಆಮೇಲೆ ಗಂಜಿ. ಮಾಯ್ದ ಜಾಗ ಕೆಲವರಲ್ಲಿ ಕಿರಿದಾಗುತ್ತದೆ. ಹಾವೇರಿ, ರೋಣದ ಕಡೆ ಮರಳುವವರಿಗೆ ಅದಕ್ಕೇ ಹೇಳಿ ಕಳಿಸುತ್ತೇವೆ: ರೊಟ್ಟಿ ಎದೆಯಲ್ಲಿ ನಿಂತಂಗಾದರೆ ಕಾಯದೆ ಬರ್ರಿ, ಬಲೂನಿನಿಂದ ಹಿಗ್ಗಿಸಬೇಕಾಗುತ್ತದೆ.